ಸೊಳ್ಳೆ ತಡೆಗೆ ಯಾವ ದಾರಿ? ಸಾಯದೆ ಉಳಿದ ಸೊಳ್ಳೆಯನ್ನು ನೋಡಿ ಆರಿಸಿ

ಮುಂಗಾರು ಬಂದು ಎರಡು ವಾರ ಕಳೆದರೆ ಸಾಕು, ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬೇಡಿಕೆ ಶುರುವಾಗುತ್ತದೆ: ಫಾಗಿಂಗ್ ಮಾಡಿಸಿ. ಒಬ್ಬರು ಗಪ್ಪಿ ಮೀನು ಬಿಡೋಣ ಅನ್ನುತ್ತಾರೆ, ಇನ್ನೊಬ್ಬರು ನೀರಿನ ಸಂಪಿಗೆ ಔಷಧಿ ಹಾಕಿಸಿ ಅನ್ನುತ್ತಾರೆ. ಗ್ರಾಮ ಪಂಚಾಯಿತಿ ಸಭೆಯಲ್ಲೂ ಇದೇ ಮಾತು. ತೀರ್ಮಾನ ಆಗುವುದು ಮಾತ್ರ ಎರಡೇ ಪ್ರಶ್ನೆಗಳ ಮೇಲೆ. ಖರ್ಚೆಷ್ಟು? ಎಷ್ಟು ಸೊಳ್ಳೆ ಸಾಯುತ್ತವೆ?

ಇನ್ನೊಂದು ಪ್ರಶ್ನೆ ಇದೆ. ಸಾಯದೆ ಉಳಿಯುವ ಸೊಳ್ಳೆ ಎಂಥದ್ದು? ಮುಂದಿನ ತಿಂಗಳು ನಮ್ಮನ್ನು ಕಚ್ಚುವುದು ಅದರ ಸಂತಾನ ತಾನೆ? ಜೀವವಿಕಾಸ ಅಂದ ಕೂಡಲೇ ಡೈನೋಸಾರು, ಕೋಟಿ ವರ್ಷ ಎಂದೆಲ್ಲ ಮನಸ್ಸಿಗೆ ಬರುತ್ತದೆ. ಸೊಳ್ಳೆಯಲ್ಲಿ ಅದು ನಮ್ಮ ಕಣ್ಣೆದುರೇ ನಡೆಯುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯೊಂದು ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಒಂದು ವರ್ಷದಲ್ಲಿ ಹತ್ತಾರು ತಲೆಮಾರು ಬಂದುಹೋಗುತ್ತವೆ. ನಾವು ಹಾಕುವ ಪ್ರತಿ ಔಷಧವೂ ಆ ತಲೆಮಾರುಗಳಲ್ಲಿ ಯಾರು ಉಳಿಯಬೇಕು ಎಂದು ಆರಿಸುತ್ತಿರುತ್ತದೆ.

ಡೆಂಗಿ ಮತ್ತು ಮಲೇರಿಯಾ ತಡೆಯಲು ನಮ್ಮ ಮುಂದಿರುವ ದಾರಿಗಳನ್ನು ಈ ಪ್ರಶ್ನೆಯಿಂದಲೇ ಹೋಲಿಸಿ ನೋಡಿದ್ದೇನೆ. ಅಪಾರ್ಟ್‌ಮೆಂಟ್ ಸಂಘ, ಪಂಚಾಯಿತಿ, ಶಾಲೆಯ ಸಮಿತಿ, ಹೀಗೆ ಸ್ವಲ್ಪ ಹಣ ಕೈಯಲ್ಲಿಟ್ಟುಕೊಂಡು ಯಾವುದಕ್ಕೆ ಹಾಕೋಣ ಎಂದು ಯೋಚಿಸುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಡಿಡಿಟಿಯ ಕಥೆ

ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮನೆಗಳ ಒಳಗೋಡೆಗೆ ಡಿಡಿಟಿ ಹೊಡೆಯುವುದೇ ಅದರ ಮುಖ್ಯ ಕೆಲಸ. ಫಲ ಎಷ್ಟು ಚೆನ್ನಾಗಿತ್ತೆಂದರೆ 1958ರಲ್ಲಿ ಕಾರ್ಯಕ್ರಮದ ಹೆಸರನ್ನೇ 'ನಿರ್ಮೂಲನ' ಎಂದು ಬದಲಿಸಿದರು. 1960ರ ದಶಕದ ನಡುವಿಗೆ ಪ್ರಕರಣಗಳು ವರ್ಷಕ್ಕೆ 1 ಲಕ್ಷದ ಆಸುಪಾಸಿಗೆ ಇಳಿದವು. 1976ರಲ್ಲಿ ಅದೇ ಲೆಕ್ಕ 64 ಲಕ್ಷಕ್ಕೆ ಏರಿತು.

ಇದಕ್ಕೆ ಕಾರಣ ಒಂದೇ ಅಲ್ಲ. ಹಣ ಕಡಿಮೆಯಾಯಿತು, ಡಿಡಿಟಿ ಸಮಯಕ್ಕೆ ಸಿಗಲಿಲ್ಲ, ರೋಗ ಕಡಿಮೆಯಾಯಿತಲ್ಲ ಎಂದು ನಿಗಾ ಸಡಿಲವಾಯಿತು, ಪಟ್ಟಣಗಳ ಮಲೇರಿಯಾವನ್ನು ಯಾರೂ ಸರಿಯಾಗಿ ಗಮನಿಸಲಿಲ್ಲ. ಅದರ ಜೊತೆಗೆ, ನಮ್ಮ ಹಳ್ಳಿಗಾಡಿನ ಮುಖ್ಯ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಡಿಡಿಟಿಗೆ ಬಗ್ಗದಂತಾಗಿತ್ತು. ಅದರ ಲಕ್ಷಣ 1950ರ ದಶಕದ ಕೊನೆಯಲ್ಲೇ ಕಂಡಿತ್ತು.

ಸೊಳ್ಳೆಗೆ ಔಷಧ 'ಅಭ್ಯಾಸವಾಯಿತು' ಎಂದು ಜನ ಹೇಳುತ್ತಾರೆ. ನಿಜವಾಗಿ ಆಗುವುದು ಬೇರೆ. ಲಕ್ಷಾಂತರ ಸೊಳ್ಳೆಗಳಲ್ಲಿ ಎಲ್ಲೋ ಕೆಲವಕ್ಕೆ ನರದ ಒಂದು ಪ್ರೋಟೀನು ಹುಟ್ಟಿನಿಂದಲೇ ಸ್ವಲ್ಪ ಬೇರೆ ರೀತಿ ಇರುತ್ತದೆ. ಡಿಡಿಟಿ ಅಲ್ಲಿಗೆ ಅಂಟಿಕೊಳ್ಳಲು ಆಗುವುದಿಲ್ಲ. ಔಷಧ ಹೊಡೆದ ದಿನ ಉಳಿದವೆಲ್ಲ ಸಾಯುತ್ತವೆ, ಇವು ಬದುಕುತ್ತವೆ. ಇಡೀ ಊರು ಇವುಗಳ ಮಕ್ಕಳಿಗೆ ಖಾಲಿ ಸಿಗುತ್ತದೆ.

ಹಾವೇರಿ, ರಾಯಚೂರಿನ ಹತ್ತಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳು ಕೊಲ್ಲುವ ವಿಷ ಗಿಡದೊಳಗೇ ಇರುವ ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಹುಳು ಬಗ್ಗದೇ ಹೋದದ್ದೂ ಹೀಗೆಯೇ. ಹೊಲದ ಅಂಚಿಗೆ ಬಿಟಿ ಅಲ್ಲದ ಹತ್ತಿಯನ್ನೂ ಹಾಕಿ ಎಂದು ಬೀಜದ ಜೊತೆ ಸಣ್ಣ ಪೊಟ್ಟಣ ಕೊಡುತ್ತಿದ್ದರು. ಹಳೆಯ ಹುಳುಗಳೂ ಸ್ವಲ್ಪ ಉಳಿಯಲಿ, ಬಗ್ಗದ ಹುಳುವಿನ ಜೊತೆ ಕೂಡಲಿ, ಬಗ್ಗದ ಗುಣ ತೆಳುವಾಗಲಿ ಎಂಬುದು ಅದರ ಲೆಕ್ಕ. ಆ ಪೊಟ್ಟಣವನ್ನು ಬಿತ್ತಿದವರು ಕಡಿಮೆ.

ಸೊಳ್ಳೆ ತಪ್ಪಿಸಿಕೊಳ್ಳುವ ದಾರಿ ಮೈಯೊಳಗಿನ ಬದಲಾವಣೆ ಒಂದೇ ಅಲ್ಲ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಮನೆಗೋಡೆಗೆ ಡಿಡಿಟಿ ಹೊಡೆದ ಮೇಲೆ ಅಲ್ಲಿನ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಫರಾಟಿ ಕಚ್ಚುವ ಹೊತ್ತೇ ಬದಲಾಯಿತು. ಮೊದಲು ರಾತ್ರಿಯಿಡೀ ಮನೆಯೊಳಗೂ ಕಚ್ಚುತ್ತಿತ್ತು. ಆಮೇಲೆ ಸಂಜೆಯೇ, ಮನೆಯ ಹೊರಗೇ ಕಚ್ಚುವುದು ಜಾಸ್ತಿಯಾಯಿತು. ರಾತ್ರಿ ಒಳಗೆ ಬರುವವು ಸತ್ತವು, ಸಂಜೆ ಹೊರಗೇ ಊಟ ಮುಗಿಸುವವು ಉಳಿದವು. ಹಾಗಾಗಿ ಯಾವ ದಾರಿ ಆರಿಸುವಾಗಲೂ ಮೈ, ಹೊತ್ತು, ಜಾಗ ಮೂರನ್ನೂ ನೋಡಬೇಕು.

ಫಾಗಿಂಗ್ ಮತ್ತು ಸೊಳ್ಳೆ ಬತ್ತಿ

ಫಾಗಿಂಗ್ ಕಣ್ಣಿಗೆ ಕಾಣುತ್ತದೆ. ಅದರ ದೊಡ್ಡ ಗುಣ ಅದೇ, ದೋಷವೂ ಅದೇ. ಹೊಗೆಗಾಡಿ ಬಂದರೆ ಏನೋ ಕೆಲಸ ಆಯಿತು ಅನ್ನಿಸುತ್ತದೆ. ಆ ಹೊಗೆ ಕೊಲ್ಲುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ನೀರಿನೊಳಗಿನ ಮರಿಹುಳು, ಅಂದರೆ ಲಾರ್ವಾ, ಹಾಗೇ ಇರುತ್ತದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಮನೆಯೊಳಗೆ, ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ ಕೂರುವ ಜಾತಿ. ಬೀದಿಯಲ್ಲಿ ಗಾಡಿ ಹೋಗುವಾಗ ನಾವು ಬಾಗಿಲು ಕಿಟಕಿ ಮುಚ್ಚಿ ಅದನ್ನು ಕಾಪಾಡುತ್ತೇವೆ. ಫಾಗಿಂಗಿಗೆ ಸಿಕ್ಕಿ ಸಾಯುವುದು ಹೆಚ್ಚಾಗಿ ಚರಂಡಿಯ ಕ್ಯೂಲೆಕ್ಸ್. ರಾತ್ರಿ ನಿದ್ದೆ ಕೆಡಿಸುವ, ಆನೆಕಾಲು ರೋಗ ಹರಡುವ ಆ ಸೊಳ್ಳೆ ಡೆಂಗಿ ತರುವುದಿಲ್ಲ.

ಇನ್ನು ಬದುಕುಳಿದ ಸೊಳ್ಳೆಯ ಲೆಕ್ಕ. ಹೊಗೆ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ತಲುಪುವುದಿಲ್ಲ. ಎಷ್ಟೋ ಸೊಳ್ಳೆಗೆ ಸಾಯುವಷ್ಟು ಸಿಗುವುದಿಲ್ಲ. ಅರೆಬರೆ ಬಗ್ಗದ ಸೊಳ್ಳೆಗಳು ದಾಟಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ?

ಮನೆಯಲ್ಲಿ ಹಚ್ಚುವ ಸೊಳ್ಳೆ ಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ದ್ರವ, ಹೊಡೆಯುವ ಸ್ಪ್ರೇ, ಔಷಧ ಸವರಿದ ಸೊಳ್ಳೆ ಪರದೆ, ಇವೆಲ್ಲದರಲ್ಲೂ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಎಂಬ ಒಂದೇ ಗುಂಪಿನ ರಾಸಾಯನಿಕ. ಫಾಗಿಂಗಿಗೂ ಎಷ್ಟೋ ಕಡೆ ಅದೇ ಗುಂಪಿನದನ್ನು ಬಳಸುತ್ತಾರೆ. ಡಿಡಿಟಿ ಹಿಡಿಯುವ ನರದ ಪ್ರೋಟೀನನ್ನೇ ಇದೂ ಹಿಡಿಯುತ್ತದೆ. ಹಾಗಾಗಿ ಡಿಡಿಟಿಗೆ ಬಗ್ಗದ ಸೊಳ್ಳೆಗೆ ಪೈರೆಥ್ರಾಯ್ಡ್ ಕೂಡ ಅರ್ಧ ಗೆದ್ದಂತೆಯೇ. ನಾವು ದುಡ್ಡು ಕೊಟ್ಟು ನಾಲ್ಕು ಬೇರೆ ಬೇರೆ ವಸ್ತು ತಂದೆವು ಅಂದುಕೊಂಡಿರುತ್ತೇವೆ. ಸೊಳ್ಳೆಗೆ ಅದು ಒಂದೇ ಪರೀಕ್ಷೆ, ನಾಲ್ಕು ಸಲ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ವಾರವಾರ ಫಾಗಿಂಗ್ ಮಾಡಿಸುವುದು ದುಡ್ಡು ಸುಟ್ಟಂತೆ. ಡೆಂಗಿ ಪ್ರಕರಣಗಳು ಒಂದೇ ಕಡೆ ಗುಂಪಾಗಿ ಬಂದಾಗ, ವೈರಸ್ ಹೊತ್ತ ಸೊಳ್ಳೆಯನ್ನು ಆ ಕೂಡಲೇ ಇಳಿಸಬೇಕಾದಾಗ ಮಾತ್ರ ಅದಕ್ಕೆ ಜಾಗ ಇದೆ. ಅದೂ ಮನೆಯೊಳಗೆ ಸಿಂಪಡಿಸಿದರೆ.

ನೀರಿಗೆ ಹಾಕುವ ಔಷಧ: ಹೋಲಿಕೆ ಇಲ್ಲೇ ರುಚಿಕರ

ಲಾರ್ವಾ ಕೊಲ್ಲಲು ನಮಗೆ ಸಿಗುವ ಮೂರು ಔಷಧಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ಟೆಮಿಫಾಸ್. ಆರ್ಗನೋಫಾಸ್ಫೇಟ್ ಗುಂಪಿನ ರಾಸಾಯನಿಕ. ಅಗ್ಗ, ಹಾಕುವುದು ಸುಲಭ, ಸರಿಯಾದ ಪ್ರಮಾಣದಲ್ಲಿ ಕುಡಿಯುವ ನೀರಿಗೂ ಹಾಕಲು ಒಪ್ಪಿಗೆ ಇದೆ. ಬ್ರೆಜಿಲ್‌ನಲ್ಲಿ ಇದನ್ನು ದಶಕಗಟ್ಟಲೆ ಒಂದೇ ಸಮನೆ ಬಳಸಿದರು. 2000ದ ಹೊತ್ತಿಗೆ ಅಲ್ಲಿನ ಈಡಿಸ್ ಇದಕ್ಕೆ ಬಗ್ಗದಂತಾಗಿ, ಬೇರೆ ಔಷಧಕ್ಕೆ ಹೋಗಬೇಕಾಯಿತು.

ಎರಡನೆಯದು ಬ್ಯಾಸಿಲಸ್ ಸ್ಫೇರಿಕಸ್ ಎಂಬ ಬ್ಯಾಕ್ಟೀರಿಯಾ. ಗಲೀಜು ನೀರಿನಲ್ಲೂ ಬಹಳ ದಿನ ಕೆಲಸ ಮಾಡುತ್ತದೆ. ರಾಸಾಯನಿಕ ಅಲ್ಲ, ಜೈವಿಕ. ಜೈವಿಕ ಅಂದರೆ ಸೊಳ್ಳೆ ತಪ್ಪಿಸಿಕೊಳ್ಳಲಾರದು ಎಂದು ನಾವು ನಂಬಿಬಿಡುತ್ತೇವೆ, ಅಲ್ವಾ? ಕೊಚ್ಚಿಯಲ್ಲಿ ಇದನ್ನು ಬಳಸಿದ ಕೆಲವೇ ವರ್ಷಗಳಲ್ಲಿ ಕ್ಯೂಲೆಕ್ಸ್ ಸೊಳ್ಳೆ ಇದಕ್ಕೆ ಬಹುಮಟ್ಟಿಗೆ ಬಗ್ಗದಂತಾಯಿತು. 1995ರಲ್ಲೇ ಅದರ ವರದಿ ಬಂತು. ಬ್ರೆಜಿಲ್, ಫ್ರಾನ್ಸ್, ಚೀನಾಗಳಲ್ಲೂ ಹೀಗೇ ಆಯಿತು.

ಮೂರನೆಯದು ಬಿಟಿಐ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. ಇದೂ ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕೊಳದಲ್ಲಿ ಸಿಕ್ಕಿತು. ಜರ್ಮನಿಯ ರೈನ್ ನದಿಯ ಬಯಲಿನಲ್ಲಿ 1980ರ ದಶಕದಿಂದ ಇದನ್ನು ಹಾಕುತ್ತಲೇ ಬಂದಿದ್ದಾರೆ. ಅಲ್ಲಿನ ಸೊಳ್ಳೆ ಇನ್ನೂ ಸಾಯುತ್ತಿದೆ.

ಎರಡೂ ಬ್ಯಾಕ್ಟೀರಿಯಾ, ಎರಡೂ ಲಾರ್ವಾದ ಹೊಟ್ಟೆಯೊಳಗೆ ಹೋಗಿ ಕೊಲ್ಲುತ್ತವೆ. ಒಂದು ಕೆಲವೇ ವರ್ಷದಲ್ಲಿ ಸೋತಿತು, ಇನ್ನೊಂದು ನಾಲ್ಕು ದಶಕ ನಿಂತಿದೆ. ಯಾಕೆ? ಸ್ಫೇರಿಕಸ್‌ನ ವಿಷ ಕರುಳಿನ ಒಂದೇ ಜಾಗಕ್ಕೆ ಅಂಟಿಕೊಳ್ಳುತ್ತದೆ. ಆ ಒಂದು ಜಾಗ ಬದಲಾದರೆ ಸೊಳ್ಳೆ ಪಾರು. ಬಿಟಿಐ ನಾಲ್ಕು ಮುಖ್ಯ ವಿಷಗಳನ್ನು ಒಟ್ಟಿಗೆ ತರುತ್ತದೆ, ಅವು ಬೇರೆ ಬೇರೆ ಕಡೆ ಹಿಡಿಯುತ್ತವೆ. ನಾಲ್ಕು ಬೀಗದ ಬಾಗಿಲಿಗೆ ನಾಲ್ಕು ಕೀಲಿಯೂ ಒಂದೇ ಜೇಬಿನಲ್ಲಿ ಸಿಗಬೇಕಾದ ಪರಿಸ್ಥಿತಿ. ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಬಿಟಿಐನ ಒಂದೇ ವಿಷವನ್ನು ಬೇರೆ ಮಾಡಿ ಕೊಟ್ಟರೆ ಸೊಳ್ಳೆಗಳು ಬೇಗನೆ ಬಗ್ಗದಂತಾದವು. ನಾಲ್ಕನ್ನೂ ಸೇರಿಸಿ ಕೊಟ್ಟಾಗ ತಲೆಮಾರುಗಳು ಕಳೆದರೂ ಹೆಚ್ಚೇನೂ ಆಗಲಿಲ್ಲ.

ಮಲೇರಿಯಾ ಔಷಧವನ್ನು ಎರಡು ಸೇರಿಸಿ ಕೊಡುವುದೂ ಇದೇ ಲೆಕ್ಕದಿಂದ. ಕ್ಲೋರೋಕ್ವಿನ್ ಒಂಟಿಯಾಗಿ ದುಡಿದು ಫಾಲ್ಸಿಪಾರಂ ಮಲೇರಿಯಾದ ಮುಂದೆ ಸೋತಿತು. ಈಗ ಆರ್ಟಿಮಿಸಿನಿನ್ ಜಾತಿಯ ಔಷಧವನ್ನು ಯಾವತ್ತೂ ಜೊತೆಗಾರನಿಲ್ಲದೆ ನುಂಗಲು ಕೊಡಬಾರದು ಎಂಬುದು ನಿಯಮ. ವೈದ್ಯರು ಕೊಟ್ಟ ಮಾತ್ರೆ ಪೂರ್ತಿ ಮುಗಿಸಿ ಎನ್ನುವುದರ ಹಿಂದೆ ಇದೂ ಇದೆ.

ಬಿಟಿಐಗೆ ಕೊರತೆ ಇಲ್ಲವೆಂದಲ್ಲ. ಬಿಸಿಲಿಗೆ, ಗಲೀಜು ನೀರಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಒಂದೆರಡು ವಾರಕ್ಕೊಮ್ಮೆ ಮತ್ತೆ ಹಾಕಬೇಕು. ಅಂದರೆ ಔಷಧಕ್ಕಿಂತ ಕೂಲಿಯ ಖರ್ಚು ಜಾಸ್ತಿ. ಆದರೂ ಮೂರರಲ್ಲಿ ಒಂದನ್ನು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಎಲ್ಲ ಕಡೆ ಬಿಟಿಐ ಹಾಕಲು ಆಗದಿದ್ದರೆ? ಸರದಿ ಮೇಲೆ ಬದಲಿಸುತ್ತ ಹೋಗಿ. ಪಶ್ಚಿಮ ಆಫ್ರಿಕಾದಲ್ಲಿ ನದಿಯ ಕಪ್ಪು ನೊಣ ಕಚ್ಚಿ ಜನ ಕಣ್ಣು ಕಳೆದುಕೊಳ್ಳುವ ರೋಗ ಇತ್ತು. 1974ರಲ್ಲಿ ಅದರ ವಿರುದ್ಧ ಶುರುವಾದ ಕಾರ್ಯಕ್ರಮ ಮೊದಲು ನಂಬಿದ್ದು ಟೆಮಿಫಾಸ್ ಒಂದನ್ನೇ. 1980ರ ಹೊತ್ತಿಗೆ ನೊಣ ಬಗ್ಗದಂತಾಯಿತು. ಅಲ್ಲಿನವರು ಬಿಟಿಐ ಸೇರಿದಂತೆ ಬೇರೆ ಬೇರೆ ಗುಂಪಿನ ಔಷಧಗಳನ್ನು ನದಿಯ ಹರಿವು ನೋಡಿ, ಋತು ನೋಡಿ ಸರದಿ ಮೇಲೆ ಬದಲಿಸಿದರು. 2002ರಲ್ಲಿ ಕಾರ್ಯಕ್ರಮ ಮುಗಿಯುವ ತನಕ ಆ ಪದ್ಧತಿ ನಡೆಯಿತು. ಒಂದು ಔಷಧಕ್ಕೆ ಬಗ್ಗದ ನೊಣಗಳು ಹೆಚ್ಚುವ ಮೊದಲೇ ಇನ್ನೊಂದು ಬಂದು ಅವನ್ನು ಹೊಡೆಯುತ್ತಿತ್ತು. ಬದಲಿಸುವಾಗ ಗುಂಪು ಬದಲಾಗಬೇಕು ಅನ್ನುವುದು ಮುಖ್ಯ. ಒಂದು ಪೈರೆಥ್ರಾಯ್ಡ್ ಬಿಟ್ಟು ಇನ್ನೊಂದು ಪೈರೆಥ್ರಾಯ್ಡ್ ತಂದರೆ ಲೇಬಲ್ ಮಾತ್ರ ಬದಲಾಗುತ್ತದೆ.

ಮೀನು

ಗಪ್ಪಿ, ಗಂಬೂಸಿಯಾ ಎರಡೂ ನಮ್ಮ ಮೀನುಗಳಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸೊಳ್ಳೆ ತಿನ್ನಲೆಂದೇ ಹೊರಗಿನಿಂದ ತಂದವು. ಕೋಲಾರ, ಹಾಸನ ಜಿಲ್ಲೆಗಳ ಹಳ್ಳಿಗಳ ಬಾವಿ, ಕೆರೆಗಳಲ್ಲಿ ಇವನ್ನು ಬಿಟ್ಟು ಮಲೇರಿಯಾ ಚೆನ್ನಾಗಿ ಇಳಿದದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಕರ್ನಾಟಕಕ್ಕೆ ಇದರಲ್ಲಿ ಒಳ್ಳೆಯ ಅನುಭವ ಇದೆ.

ಮೀನಿನ ವಿಶೇಷ ಏನೆಂದರೆ, ಔಷಧಕ್ಕೆ ಬಗ್ಗದ ಲಾರ್ವಾ, ಬಗ್ಗುವ ಲಾರ್ವಾ ಎರಡೂ ಅದಕ್ಕೆ ಒಂದೇ ರುಚಿ. ನುಂಗಿಸಿಕೊಳ್ಳದಂತೆ ಮೈ ಬದಲಿಸಿಕೊಳ್ಳುವುದು ಸೊಳ್ಳೆಗೆ ಸುಲಭವಲ್ಲ. ತಪ್ಪಿಸಿಕೊಳ್ಳುವ ದಾರಿ ಒಂದೇ, ಮೀನಿರುವ ನೀರನ್ನು ಗುರುತಿಸಿ ಬೇರೆ ಕಡೆ ಮೊಟ್ಟೆ ಇಡುವುದು. ಕೆಲವು ಜಾತಿಯ ಸೊಳ್ಳೆಗಳು ತಮ್ಮ ಮರಿ ತಿನ್ನುವ ಜೀವಿಯ ವಾಸನೆ ಹಿಡಿದು ನೀರು ಆರಿಸುತ್ತವೆ. ಅಷ್ಟಾದರೂ ಆ ಬಾವಿ ನಮ್ಮ ಪಾಲಿಗೆ ಉಳಿಯಿತಲ್ಲ.

ಎಚ್ಚರಿಕೆ ಒಂದಿದೆ. ಹೊಳೆ, ಹಳ್ಳ, ಕೆರೆಗೆ ಗಂಬೂಸಿಯಾ ಸುರಿಯಬೇಡಿ. ಕಪ್ಪೆಯ ಮೊಟ್ಟೆ, ಊರಿನ ಸಣ್ಣ ಮೀನುಗಳ ಮರಿ ಎಲ್ಲವನ್ನೂ ಅದು ತಿನ್ನುತ್ತದೆ. ಮುಚ್ಚಿದ ಬಾವಿ, ತೊಟ್ಟಿ, ಅಲಂಕಾರದ ಕೊಳಕ್ಕೆ ಗಪ್ಪಿ ಸಾಕು.

ನೀರು ಚೆಲ್ಲುವುದು

1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ವೈದ್ಯ ಬೆಂಗಳೂರಿನ ದಂಡಿನಲ್ಲಿದ್ದ. ತನ್ನ ಬಂಗಲೆಯ ಸೊಳ್ಳೆ ಕಾಟಕ್ಕೆ ಕಿಟಕಿಯ ಹತ್ತಿರದ ನೀರಿನ ತೊಟ್ಟಿ ಕಾರಣ ಎಂದು ಗಮನಿಸಿ ಅದನ್ನು ಚೆಲ್ಲಿಸಿದ, ಕಾಟ ಇಳಿಯಿತು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಅವನು ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ರೋಗದ ಗುಟ್ಟು ಗೊತ್ತಾಗುವ ಹದಿನಾಲ್ಕು ವರ್ಷ ಮೊದಲೇ ಉಪಾಯ ಗೊತ್ತಾಗಿತ್ತು.

ಜೀವವಿಕಾಸದ ಲೆಕ್ಕದಲ್ಲಿ ಇದಕ್ಕೆ ಸಾಟಿ ಇಲ್ಲ. ಚೆಲ್ಲಿದ ನೀರಿಗೆ ಬಗ್ಗದ ಲಾರ್ವಾ ಹುಟ್ಟಲಾರದು. ಆದರೆ ಸೊಳ್ಳೆಗೂ ತನ್ನ ಜಾಣತನ ಇದೆ. ಈಡಿಸ್ ಹೆಣ್ಣು ಒಂದು ಸಲದ ಮೊಟ್ಟೆಗಳನ್ನೆಲ್ಲ ಒಂದೇ ಕಡೆ ಇಡುವುದಿಲ್ಲ, ನಾಲ್ಕಾರು ಪಾತ್ರೆಗೆ ಹಂಚುತ್ತದೆ. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ಸುಮ್ನೆ ನೀರು ಚೆಲ್ಲಿದರೆ ಸಾಲದು, ಡ್ರಮ್ಮಿನ ಒಳಬದಿಯನ್ನು ಬ್ರಷ್ಷಿನಿಂದ ಉಜ್ಜಬೇಕು. ಸ್ವಚ್ಛ ನೀರಿನ ಪಾತ್ರೆಗಳೆಲ್ಲ ಖಾಲಿಯಾದರೆ ಬೇರೆ ಜಾಗ ಹುಡುಕುವ ಸೊಳ್ಳೆಗಳಿಗೆ ಲಾಭ. ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ಈಡಿಸ್ ಸೆಪ್ಟಿಕ್ ಟ್ಯಾಂಕಿನೊಳಗೆ ಹೆಚ್ಚಿನ ಸಂಖ್ಯೆಯಲ್ಲಿ ಹುಟ್ಟುತ್ತಿರುವುದು ಕಂಡುಬಂದಿದೆ. 'ಈಡಿಸ್ ಸ್ವಚ್ಛ ನೀರಿನಲ್ಲಿ ಮಾತ್ರ' ಎಂದು ಗೋಡೆಗೆ ಬರೆಸುವವರು ಸ್ವಲ್ಪ ಯೋಚಿಸಬೇಕು.

ಪರದೆ, ಮೆಶ್, ಜ್ವರದವರ ಹಾಸಿಗೆ

ಆಫ್ರಿಕಾದಲ್ಲಿ 2000ದಿಂದ 2015ರವರೆಗೆ ತಪ್ಪಿದ ಮಲೇರಿಯಾ ಪ್ರಕರಣಗಳಲ್ಲಿ ಶೇ 68ರಷ್ಟು ತಪ್ಪಿದ್ದು ಔಷಧ ಸವರಿದ ಸೊಳ್ಳೆ ಪರದೆಗಳಿಂದ ಎಂದು ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿದೆ. ಅಷ್ಟು ದೊಡ್ಡ ಗೆಲುವಿಗೆ ಸೊಳ್ಳೆಗಳು ಉತ್ತರವನ್ನೂ ಕೊಟ್ಟವು. ಪೈರೆಥ್ರಾಯ್ಡ್‌ಗೆ ಬಗ್ಗದವು ಹಬ್ಬಿದವು. ಬೆನಿನ್, ಸೆನೆಗಲ್‌ಗಳಲ್ಲಿ ಒಂದು ಜಾತಿ ಬೆಳಕು ಹರಿದ ಮೇಲೂ, ಜನ ಪರದೆಯಿಂದ ಹೊರಬಂದ ಮೇಲೂ ಕಚ್ಚತೊಡಗಿತು. ಈಗ ಕ್ಲೋರ್‌ಫೆನಪಿರ್ ಎಂಬ ಬೇರೆ ಗುಂಪಿನ ಔಷಧವನ್ನು ಸೇರಿಸಿದ ಎರಡು ಔಷಧದ ಪರದೆಗಳು ಬಂದಿವೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅವನ್ನು ಶಿಫಾರಸು ಮಾಡಿತು. ಮಲೇರಿಯಾ ಇರುವ ಊರಿಗೆ ಪರದೆ ಕೊಳ್ಳುವ ಮಾತು ಬಂದರೆ ಎರಡು ಔಷಧದ್ದು ಸಿಗುತ್ತದಾ ಎಂದು ಕೇಳಿ.

ಕಿಟಕಿ ಬಾಗಿಲಿನ ಮೆಶ್‌ಗೆ ಔಷಧವೇ ಇಲ್ಲ, ಬಗ್ಗದಂತಾಗುವ ಪ್ರಶ್ನೆಯೂ ಇಲ್ಲ. ಒಮ್ಮೆ ಖರ್ಚು ಮಾಡಿದರೆ ವರ್ಷಗಟ್ಟಲೆ ಬರುತ್ತದೆ. ಮೆಶ್ ಬಗ್ಗೆ ಇನ್ನೊಂದು ಕುತೂಹಲದ ವಾದವೂ ಇದೆ. ಅದನ್ನು ಮುಂದಿಟ್ಟವರು ಅಮೆರಿಕದ ಜೀವವಿಕಾಸ ವಿಜ್ಞಾನಿ ಪಾಲ್ ಎವಾಲ್ಡ್.

ಅವರ ಮಾತು ಹೀಗಿದೆ. ನೆಗಡಿಯ ವೈರಸ್ ಹರಡಬೇಕಾದರೆ ರೋಗಿ ಎದ್ದು ಓಡಾಡಬೇಕು. ಹಾಸಿಗೆ ಹಿಡಿಸುವಷ್ಟು ಜೋರಾದ ವೈರಸ್ ತಾನೇ ಹರಡದೆ ಉಳಿಯುತ್ತದೆ. ಸೊಳ್ಳೆಯಿಂದ ಬರುವ ರೋಗಕ್ಕೆ ಆ ಕಡಿವಾಣ ಇಲ್ಲ. ರೋಗಿ ಎದ್ದೇಳಲಾಗದೆ ಮಲಗಿದ್ದರೆ ಸೊಳ್ಳೆಗೆ ಇನ್ನೂ ಅನುಕೂಲ, ಕೈ ಬೀಸಿ ಓಡಿಸುವವರಿಲ್ಲ. ಹಾಗಾಗಿ ರೋಗಾಣು ಎಷ್ಟು ಉಗ್ರವಾದರೂ ಅದಕ್ಕೆ ನಷ್ಟವಿಲ್ಲ. ಮನೆಗಳಿಗೆಲ್ಲ ಮೆಶ್ ಹಾಕಿದರೆ ಲೆಕ್ಕ ತಿರುಗುತ್ತದೆ. ಮಲಗಿದ ರೋಗಿಯಿಂದ ಸೊಳ್ಳೆಗೆ ರಕ್ತ ಸಿಗುವುದಿಲ್ಲ. ಹೊರಗೆ ಓಡಾಡುವಷ್ಟು ಆರಾಮಾಗಿರುವವರಿಂದ ಮಾತ್ರ ರೋಗಾಣು ದಾಟಬಹುದು. ಕಾಲ ಕಳೆದಂತೆ ಸೌಮ್ಯ ರೋಗಾಣುಗಳೇ ಹೆಚ್ಚಬೇಕು.

ಕೇಳಲು ಚೆನ್ನಾಗಿದೆ, ಆದರೆ ಇದು ಎಲ್ಲರೂ ಒಪ್ಪಿದ ಮಾತಲ್ಲ. ಡೆಂಗಿಯಲ್ಲಿ ಜ್ವರವೇ ಬರದವರೂ ಸೊಳ್ಳೆಗೆ ವೈರಸ್ ದಾಟಿಸಬಲ್ಲರು ಎಂದು ಗೊತ್ತಾಗಿದೆ. ಮೆಶ್ ಹಾಕಿದ್ದರಿಂದಲೇ ಒಂದು ರೋಗ ಸೌಮ್ಯವಾಯಿತು ಎಂದು ಗಟ್ಟಿಯಾಗಿ ತೋರಿಸುವುದು ಕಷ್ಟ. ಆದರೂ ಈ ದಾರಿಯಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ವಾದ ಸರಿಯಾದರೆ ವೈರಸ್ ಮೆತ್ತಗಾಗುತ್ತದೆ, ತಪ್ಪಾದರೂ ಮನೆಯವರಿಗೆ ರೋಗ ದಾಟುವುದು ತಪ್ಪುತ್ತದೆ.

ಅದಕ್ಕೇ ಡೆಂಗಿ ಜ್ವರ ಬಂದವರನ್ನು ಹಗಲಲ್ಲೂ ಪರದೆಯೊಳಗೆ ಮಲಗಿಸಿ. ಈಡಿಸ್ ಹಗಲು ಕಚ್ಚುವ ಸೊಳ್ಳೆ. ಜ್ವರದ ಮೊದಲ ಐದು ದಿನ ರಕ್ತದಲ್ಲಿ ವೈರಸ್ ಜಾಸ್ತಿ ಇರುತ್ತದೆ. ನಮ್ಮಲ್ಲಿ ಜ್ವರ ಬಂದವರಿಗೆ ಪಪ್ಪಾಯಿ ಎಲೆ ರಸ ಹುಡುಕಲು ಊರೆಲ್ಲ ಓಡುತ್ತಾರೆ, ಮಂಚಕ್ಕೊಂದು ಪರದೆ ಕಟ್ಟುವವರು ಕಡಿಮೆ.

ವೊಲ್ಬಾಕಿಯಾ, ಮತ್ತು ಮುದಿ ಸೊಳ್ಳೆಯ ಲೆಕ್ಕ

ಡೆಂಗಿ ರಕ್ತ ಕುಡಿದ ಸೊಳ್ಳೆ ಮರುದಿನವೇ ರೋಗ ಹರಡಲಾರದು. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿಗೆ ಬರಲು 8ರಿಂದ 12 ದಿನ ಬೇಕು. ಮಲೇರಿಯಾ ಪರಾವಲಂಬಿಗೂ ಸುಮಾರು ಅಷ್ಟೇ. ಹೆಚ್ಚಿನ ಸೊಳ್ಳೆಗಳು ಅಷ್ಟು ದಿನ ಬದುಕುವುದೇ ಇಲ್ಲ. ಅಂದರೆ ನಮಗೆ ಅಪಾಯ ಮುದಿ ಸೊಳ್ಳೆಯಿಂದ ಮಾತ್ರ. ಮುದಿಯಾಗುವ ಹೊತ್ತಿಗೆ ಅದು ತನ್ನ ಮೊಟ್ಟೆಗಳಲ್ಲಿ ಹೆಚ್ಚಿನವನ್ನು ಇಟ್ಟು ಮುಗಿಸಿರುತ್ತದೆ. ಮುದಿ ಸೊಳ್ಳೆಯನ್ನಷ್ಟೇ ಕೊಲ್ಲುವ ಔಷಧ ಇದ್ದರೆ ರೋಗ ನಿಲ್ಲುತ್ತದೆ, ಬಗ್ಗದ ಸೊಳ್ಳೆಗೆ ದೊಡ್ಡ ಲಾಭವೂ ಸಿಗುವುದಿಲ್ಲ, ಯಾಕೆಂದರೆ ಬಗ್ಗುವ ಸೊಳ್ಳೆಗೂ ಮಕ್ಕಳಾಗಿರುತ್ತವೆ. ವಿಜ್ಞಾನಿ ಆ್ಯಂಡ್ರ್ಯೂ ರೀಡ್ ಮತ್ತು ಸಂಗಡಿಗರು 2009ರಲ್ಲಿ ಈ ಲೆಕ್ಕ ಮುಂದಿಟ್ಟರು. ಸೊಳ್ಳೆಯ ಮೈಮೇಲೆ ಬೆಳೆದು ನಿಧಾನಕ್ಕೆ ಕೊಲ್ಲುವ ಶಿಲೀಂಧ್ರಗಳ ಮೇಲೆ ಪ್ರಯೋಗಗಳು ನಡೆದಿವೆ. ಇದು ಇವತ್ತು ನಿಮ್ಮ ಬಡಾವಣೆಗೆ ಕೊಂಡು ತರುವ ವಸ್ತುವಲ್ಲ. ಲೆಕ್ಕ ಚೆಂದ ಇದೆ ಎಂದು ಹೇಳಿದೆ ಅಷ್ಟೇ.

ವೊಲ್ಬಾಕಿಯಾ ಇದಕ್ಕಿಂತ ಮುಂದೆ ಹೋಗಿದೆ. ಕೀಟಗಳ ಜೀವಕೋಶದೊಳಗೆ ಬದುಕುವ ಬ್ಯಾಕ್ಟೀರಿಯಾ ಇದು. ಹಣ್ಣಿನ ನೊಣದಿಂದ ತೆಗೆದು ಈಡಿಸ್‌ಗೆ ಹೊಗಿಸಿದರೆ ಡೆಂಗಿ ವೈರಸ್ ಆ ಸೊಳ್ಳೆಯೊಳಗೆ ಬೆಳೆಯುವುದು ಕಷ್ಟವಾಗುತ್ತದೆ. ಇದನ್ನು ಹೊತ್ತ ಗಂಡು, ಹೊತ್ತಿಲ್ಲದ ಹೆಣ್ಣಿನ ಜೊತೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಹೊತ್ತ ಹೆಣ್ಣಿಗೆ ಆ ತೊಂದರೆ ಇಲ್ಲ, ಮಕ್ಕಳಿಗೂ ದಾಟಿಸುತ್ತದೆ. ಹೀಗೆ ಅದು ತಾನಾಗಿ ಹರಡುತ್ತದೆ. ಬೇರೆ ದಾರಿಗಳಲ್ಲಿ ಜೀವವಿಕಾಸ ನಮ್ಮ ವಿರುದ್ಧ ಎಳೆಯುತ್ತದೆ, ಇಲ್ಲಿ ನಮ್ಮ ಕಡೆ ಎಳೆಯುತ್ತದೆ.

2011ರಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್ ಹತ್ತಿರ ಮೊದಲು ಬಿಟ್ಟರು. ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ನಗರವನ್ನು ಭಾಗ ಮಾಡಿ ನಡೆಸಿದ ಪ್ರಯೋಗದಲ್ಲಿ ಡೆಂಗಿ ಶೇ 77ರಷ್ಟು ಕಡಿಮೆಯಾಯಿತು. ಪುದುಚೇರಿಯ ಐಸಿಎಂಆರ್ ಸಂಶೋಧನಾ ಕೇಂದ್ರ ನಮ್ಮ ದೇಶದ ಈಡಿಸ್‌ನಲ್ಲಿ ಇಂಥ ತಳಿಗಳನ್ನು ಮಾಡಿರುವುದಾಗಿ 2022ರಲ್ಲಿ ತಿಳಿಸಿತು. ಎರಡು ಅನುಮಾನಗಳು ಉಳಿದಿವೆ. ಡೆಂಗಿ ವೈರಸ್ಸೇ ಬದಲಾಗಿ ವೊಲ್ಬಾಕಿಯಾವನ್ನು ದಾಟಬಹುದು. ಇನ್ನೊಂದು ಬಿಸಿಲು. ಹೆಚ್ಚು ಬಳಕೆಯಲ್ಲಿರುವ ವೊಲ್ಬಾಕಿಯಾ ತಳಿ, ಲಾರ್ವಾ ಇರುವ ನೀರು ಬಿಸಿಯಾದರೆ ಸೊಳ್ಳೆಯಿಂದ ಕಳೆದುಹೋಗುತ್ತದೆ. ಬೆಂಗಳೂರಿನ ಹವೆಗೆ ಅದು ಸರಿಹೋಗಬಹುದು, ಕಲಬುರಗಿಯ ಏಪ್ರಿಲ್‌ಗೆ ಬಿಸಿ ತಡೆಯುವ ಬೇರೆ ತಳಿ ಬೇಕಾದೀತು. ಹೇಗೂ ಇದು ಸರ್ಕಾರದ ಮಟ್ಟದ ತೀರ್ಮಾನ, ಸಂಘದ ಸಭೆಯದ್ದಲ್ಲ.

ನಿಮ್ಮ ಜಾಗಕ್ಕೆ ಯಾವುದು

ಅಪಾರ್ಟ್‌ಮೆಂಟ್ ಆದರೆ ಮೊದಲ ದುಡ್ಡು ಸಂಪು ಮತ್ತು ಓವರ್‌ಹೆಡ್ ಟ್ಯಾಂಕಿನ ಮುಚ್ಚಳಕ್ಕೆ, ಗಾಳಿ ಕೊಳವೆಗೆ ಕಟ್ಟುವ ಮೆಶ್‌ಗೆ. ಚೆಲ್ಲಲಾಗದ ನೀರಿಗೆ, ಅಂದರೆ ಲಿಫ್ಟಿನ ಗುಂಡಿ, ನಿಂತ ಕಾರಂಜಿ ಇಂಥವಕ್ಕೆ ಬಿಟಿಐ. ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ತಟ್ಟೆಗೆ ವಾರಕ್ಕೊಂದು ದಿನ ಗೊತ್ತು ಮಾಡಿ. ಏಳು ದಿನ ದಾಟಿದರೆ ಲಾರ್ವಾ ಹಾರುತ್ತದೆ.

ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ನಲ್ಲಿ ನೀರು ಬರುವುದೇ ವಾರಕ್ಕೊಮ್ಮೆ. ಅಲ್ಲಿ ನೀರು ಚೆಲ್ಲಿ ಎಂದು ಹೇಳುವುದು ಹುಡುಗಾಟ. ಡ್ರಮ್ಮಿಗೆ ಬಟ್ಟೆ ಕಟ್ಟಿ, ದೊಡ್ಡ ತೊಟ್ಟಿಗೆ ಗಪ್ಪಿ ಬಿಡಿ. ಹೊಸ ನೀರು ಬರುವ ದಿನ, ತುಂಬುವ ಮೊದಲು ಉಜ್ಜಿ. ಔಷಧ ಹಾಕಲೇಬೇಕಾದರೆ ಒಂದು ವರ್ಷ ಟೆಮಿಫಾಸ್, ಮುಂದಿನ ವರ್ಷ ಬಿಟಿಐ, ಹೀಗೆ ಗುಂಪು ಬದಲಿಸಿ.

ಮಲೆನಾಡು, ಕರಾವಳಿಯ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಮರದ ಹಾಲು ಹಿಡಿಯುವ ಚಿಪ್ಪು, ಎಳನೀರು ಬುರುಡೆಗಳದ್ದೇ ಕಾಟ. ಇಷ್ಟು ಜಾಗಕ್ಕೆ ಔಷಧ ತಲುಪಿಸಲು ಯಾರಿಂದಲೂ ಆಗುವುದಿಲ್ಲ. ಮಳೆಗೆ ಮುಂಚೆ ಹಾಳೆ ಹೆಕ್ಕಿ ರಾಶಿ ಮಾಡುವುದು, ಟ್ಯಾಪಿಂಗ್ ಇಲ್ಲದ ದಿನ ಚಿಪ್ಪನ್ನು ಕವುಚಿ ಹಾಕುವುದು, ಇಷ್ಟೇ ದಾರಿ.

ಕಟ್ಟಡ ಕೆಲಸ ನಡೆಯುವ ಜಾಗ ಎಲ್ಲಕ್ಕಿಂತ ಕಷ್ಟದ್ದು. ಮಂಗಳೂರಿನ ಮಲೇರಿಯಾ ಕಥೆಯೇ ಕಾಂಕ್ರೀಟು ಗಟ್ಟಿಯಾಗಲೆಂದು ನಿಲ್ಲಿಸುವ ಕ್ಯೂರಿಂಗ್ ನೀರು ಮತ್ತು ಅದರಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೆಫೆನ್ಸಿಯ ಕಥೆ. ನಿಂತ ನೀರಿಗೆ ವಾರವಾರ ಲಾರ್ವಾ ಔಷಧ, ಕೆಲಸಗಾರರಿಗೆ ಪರದೆ, ಜ್ವರ ಬಂದವರಿಗೆ ಅದೇ ದಿನ ರಕ್ತ ಪರೀಕ್ಷೆ, ಮೂರೂ ಬೇಕು. ಫಾಲ್ಸಿಪಾರಂ ಪರಾವಲಂಬಿ ಸೊಳ್ಳೆಗೆ ದಾಟುವ ರೂಪಕ್ಕೆ ಬರಲು ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ಅದಕ್ಕೂ ಮೊದಲು ಮಾತ್ರೆ ಬಿದ್ದರೆ ಸೊಳ್ಳೆಗೆ ಏನೂ ಸಿಗುವುದಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಲಾರ್ವಾ ಹುಟ್ಟಲು ಬಿಡುವ ಮಾಲೀಕರಿಗೆ ದಂಡ ಹಾಕುವ ನಿಯಮ ತಂದಿತು. ನಿಮ್ಮ ಪಕ್ಕದ ಸೈಟಿನವರ ಜೊತೆ ಮಾತಾಡುವಾಗ ಅದನ್ನು ನೆನಪಿಸಬಹುದು.

ಎಲ್ಲಿಯೇ ಆಗಲಿ, ಔಷಧ ಹೊಡೆಯಲು ಬಂದವರ ಹತ್ತಿರ ಡಬ್ಬಿ ಕೇಳಿ ನೋಡಿ. ಬ್ರ್ಯಾಂಡಿನ ಹೆಸರು ಬಿಟ್ಟು ಒಳಗಿನ ರಾಸಾಯನಿಕದ ಹೆಸರು, ತಾರೀಖು, ಹೊಡೆದ ಜಾಗ ಮೂರನ್ನೂ ಸಂಘದ ಪುಸ್ತಕದಲ್ಲಿ ಬರೆದಿಡಿ. ಹೋದ ವರ್ಷ ಯಾವ ಗುಂಪಿನದನ್ನು ಹೊಡೆದಿದ್ದರು ಎಂದು ಗೊತ್ತಿಲ್ಲದಿದ್ದರೆ ಈ ವರ್ಷ ಏನನ್ನು ಬದಲಿಸುವುದು?